ಹೊನ್ನೂರಮ್ಮನ ಐವತ್ತು ನಿಮಿಷ

ನಮ್ಮೂರಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿ ಗಿರಣಿಯ ಸೈರನ್ ಕೂಗಿದರೆ ಅಕ್ಷರಗಳು ಹೋಗುತ್ತವೆ. ಮೂರಕ್ಕೆ ಇನ್ನೊಮ್ಮೆ ಕೂಗಿದಾಗ ಬರುತ್ತವೆ. ನಡುವಿನ ಮೂರು ಗಂಟೆ ಪೇಪರ್ ಅನ್ನುವುದು ಬರೀ ಬಿಳಿ ಹಾಳೆ, ಅಂಗಡಿಯ ಬೋರ್ಡು ಬರೀ ಬಣ್ಣ, ಗಡಿಯಾರದಲ್ಲಿ ಮುಳ್ಳು ಬಿಟ್ಟರೆ ಏನೂ ಇಲ್ಲ. ಕಂಪ್ಯೂಟರಿನಲ್ಲೂ ಫೋನಿನಲ್ಲೂ ಅಷ್ಟೇ. ಮನುಷ್ಯರ ಮುಖ, ಮರ, ಎಮ್ಮೆ ಎಲ್ಲಾ ಇದ್ದಲ್ಲೇ ಇರುತ್ತವೆ, ಅಕ್ಷರ ಅಂಕಿ ಮಾತ್ರ ಕಾಣುವುದಿಲ್ಲ. ಇದಕ್ಕೆ ನಾವು ಖಾಲಿ ಹೊತ್ತು ಅನ್ನುತ್ತೇವೆ. ಹೊಸದಾಗಿ ಬಂದವರು ಯಾಕೆ ಹೀಗೆ ಅಂತ ಕೇಳುತ್ತಾರೆ. ಕೇಳಿದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸುತ್ತೇವೆ, ಉತ್ತರ ನಮ್ಮ ಹತ್ತಿರವೂ ಇಲ್ಲ.

ಹೊಂದಿಕೊಂಡಿದ್ದೇವೆ. ಔಷಧಿ ಅಂಗಡಿಯವರು ಬಾಟಲಿಯ ಕತ್ತಿಗೆ ದಾರ ಕಟ್ಟಿ ಕೊಡುತ್ತಾರೆ, ಒಂದು ಗಂಟಿದ್ದರೆ ದಿನಕ್ಕೊಂದು ಸಲ, ಎರಡಿದ್ದರೆ ಎರಡು. ಬಸ್ ಕಂಡಕ್ಟರು ಬಾಗಿಲ ತಗಡನ್ನು ಬಡಿಯುವ ರೀತಿಯಲ್ಲೇ ಅದು ಕೆರೆ ಕಡೆಯ ಬಸ್ಸೋ ಗಿರಣಿ ಕಡೆಯದೋ ಗೊತ್ತಾಗುತ್ತದೆ. ಹೋಟೆಲಿನ ಸಣ್ಣಪ್ಪ ಖಾಲಿ ಹೊತ್ತಿನಲ್ಲಿ ತಿಂಡಿಯ ಪಟ್ಟಿಯನ್ನು ಒಂದೇ ಉಸಿರಿಗೆ ಹೇಳುತ್ತಾನೆ, ಅದನ್ನು ಕೇಳುವುದಕ್ಕೆಂದೇ ಊಟ ಮಾಡಿ ಬಂದವರೂ ಹೋಗಿ ಕೂರುತ್ತಾರೆ.

ನನ್ನ ಹೆಸರು ಸರ್ವಮಂಗಳ. ಊರ ಕಚೇರಿಯ ದಾಖಲೆ ಕೋಣೆಯಲ್ಲಿ ಕಡತ ಕಟ್ಟುವುದು ನನ್ನ ಕೆಲಸ. ಕಚೇರಿಗೆ ಮಧ್ಯಾಹ್ನ ರಜೆ ಕೊಡುವುದಕ್ಕಾಗುವುದಿಲ್ಲವಲ್ಲ, ಅದಕ್ಕೇ ನಮ್ಮ ಕಂಪ್ಯೂಟರುಗಳು ಕಡತವನ್ನು ಓದಿ ಹೇಳುತ್ತವೆ. ಅಕ್ಷರ ನಮ್ಮ ಕಣ್ಣಿಗೆ ಕಾಣದಿದ್ದರೂ ಯಂತ್ರದ ಒಳಗೆ ಇದ್ದೇ ಇರುತ್ತದೆ. ಆದರೆ ಸುಮ್ಮನೆ ಟೈಪು ಮಾಡಿ ಬಿಸಾಕಿದರೆ ಅದು ಓದುವ ಚೆಂದ ಕೇಳುವುದಕ್ಕಾಗುವುದಿಲ್ಲ. ಕಡತವನ್ನು ಕಿವಿಗಾಗಿ ಕಟ್ಟಬೇಕು. ಅದನ್ನು ನನಗೆ ಕಲಿಸಿದವಳು ಹೊನ್ನೂರಮ್ಮ.

ಹೊನ್ನೂರಮ್ಮ ನನ್ನ ಪಕ್ಕದ ಮೇಜಿನವಳು, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಾನು ಕಟ್ಟಿದ ಪ್ರತಿಯೊಂದು ಕಡತವನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿ, ಸರಿ ಇದ್ದರೆ ಪಾಸು ಮಾಡುವುದು, ಇಲ್ಲದಿದ್ದರೆ ವಾಪಸ್ ಕಳಿಸುವುದು ಅವಳ ಕೆಲಸ. ವಾಪಸ್ ಕಳಿಸುವುದರಲ್ಲಿ ಅವಳಿಗೆ ದಯೆ ದಾಕ್ಷಿಣ್ಯ ಅಂತ ಏನೂ ಇರಲಿಲ್ಲ.

"ಅಕ್ಕಾ, ತಲೆಬರಹ ಎಲ್ಲೈತೆ?" ಅಂತ ಮೊದಲ ವಾರವೇ ಕೇಳಿದ್ದಳು.

"ದಪ್ಪ ಅಕ್ಷರದಲ್ಲಿ ಹಾಕಿದೀನಲ್ಲೇ."

"ದಪ್ಪ ನಿಮ್ಮ ಕಣ್ಣಿಗೆ. ಕಿವಿಗೆ ದಪ್ಪ ಸಣ್ಣ ಎಲ್ಲಾ ಒಂದೇ. ಇದು ತಲೆಬರಹ ಅಂತ ಕಂಪ್ಯೂಟರಿಗೆ ಹೇಳ್ರಿ. ಇಲ್ಲಾಂದ್ರೆ ಐವತ್ತು ಪುಟದ ಕಡತದಾಗೆ ನಾನು ಬೇಕಾದ ಜಾಗಕ್ಕೆ ಹೆಂಗೆ ಹಾರ್ಲಿ? ಮೊದಲಿಂದ ಕೇಳ್ತಾ ಕುಂತ್ರೆ ಸಂಜೆ ಆಗ್ತೈತೆ."

ಕೋಷ್ಟಕ ಹಾಕಿದರೆ ಯಾವ ಕಾಲಂ ಯಾವುದು ಅಂತ ಗುರುತು ಮಾಡಿಲ್ಲವೆಂದು ವಾಪಸ್. ಊರಿನ ನೀರಿನ ಪೈಪುಗಳ ನಕ್ಷೆಗೆ ನಾನು ವಿವರಣೆ ಬರೆಯುವ ಕಡೆ 'ನಕ್ಷೆ' ಅಂತ ಒಂದು ಪದ ಬರೆದು ಕೈ ತೊಳೆದುಕೊಂಡಿದ್ದೆ. "ನಕ್ಷೆ ಅಂತ ನಂಗೂ ಗೊತ್ತಾತು. ಪೈಪು ಎಲ್ಲಿಂದ ಎಲ್ಲಿಗೆ ಹೋಗ್ತೈತೆ? ಯಾವ ಓಣಿಯಾಗೆ ತಿರುಗ್ತೈತೆ?" ಅಂದಳು. ಆ ಒಂದು ನಕ್ಷೆಗೆ ನಾನು ಮೂರು ದಿನ ಪದ ಹುಡುಕಿದೆ. ಬೈದುಕೊಂಡೇ ಹುಡುಕಿದೆ. ಮುಗಿಯುವ ಹೊತ್ತಿಗೆ, ಹುಟ್ಟಿದಾಗಿನಿಂದ ಕುಡಿಯುತ್ತಿದ್ದ ನೀರು ಯಾವ ದಾರಿಯಲ್ಲಿ ನಮ್ಮ ಮನೆಗೆ ಬರುತ್ತದೆ ಎಂದು ಮೊದಲ ಸಲ ತಿಳಿದುಕೊಂಡಿದ್ದೆ.

ಹನ್ನೊಂದು ವರ್ಷ ಹೀಗೆ ನಡೆಯಿತು. ಆ ವರ್ಷ ದಾಖಲೆ ಕೋಣೆಯ ಮುಖ್ಯಸ್ಥರು ನಿವೃತ್ತರಾದರು. ಆ ಹುದ್ದೆಗೆ ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ, ನಲವತ್ತು ದಾಟಿದವರು ಕೂರುವಂತಿಲ್ಲ. ಹೊನ್ನೂರಮ್ಮನಿಗೆ ನಲವತ್ತು ತುಂಬುವುದಕ್ಕೆ ಒಂದೇ ತಿಂಗಳಿತ್ತು. ಈ ಸಲ ಬಿಟ್ಟರೆ ಬಿಟ್ಟಂತೆಯೇ. "ನಾನು ಮುಖ್ಯಸ್ಥೆ ಆದ್ರೆ ವಾಪಸ್ ಕಳಿಸೋ ಕೆಲ್ಸನೇ ಇರಲ್ಲ ಅಕ್ಕಾ. ಕೋಣೆ ಒಳಗೆ ಬರೋವಾಗ್ಲೇ ಕಡತ ಸರಿಯಾಗಿ ಬರೋ ಹಂಗೆ ಮಾಡ್ತೀನಿ," ಅನ್ನುತ್ತಿದ್ದಳು. ಊಟದ ಡಬ್ಬಿ ಬಿಚ್ಚುವಾಗಲೂ ಒಂದು ಕಿವಿಯಲ್ಲಿ ನಿಯಮಾವಳಿ ಓಡುತ್ತಿತ್ತು. ಪರೀಕ್ಷೆ ಹಿಂದಿನಿಂದಲೂ ಖಾಲಿ ಹೊತ್ತಿನಲ್ಲೇ ನಡೆಯುವುದು. ಆಗ ಎಲ್ಲರೂ ಪ್ರಶ್ನೆಯನ್ನು ಕಿವಿಯಲ್ಲೇ ಕೇಳಬೇಕು, ಪಕ್ಕದವರದ್ದನ್ನು ಇಣುಕಿ ನೋಡಿದರೂ ಸಿಗುವುದು ಖಾಲಿ ಪರದೆ.

ಪರೀಕ್ಷೆಗೆ ಹದಿನೇಳು ದಿನವಿದ್ದಾಗ ಸೈರನ್ ಕೂಗಿತು, ಅಕ್ಷರಗಳು ಹೋಗಲಿಲ್ಲ.

ಮೊದಲು ಯಾರೂ ನಂಬಲಿಲ್ಲ. ಮರುದಿನವೂ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಜನ ಮಧ್ಯಾಹ್ನದ ಬಿಸಿಲಲ್ಲಿ ಬೀದಿಗಿಳಿದು ಬೋರ್ಡುಗಳನ್ನು ಓದುತ್ತಾ ಅಡ್ಡಾಡಿದರು. ಎರಡು ಗಂಟೆಯ ಬೆಳಕಿನಲ್ಲಿ 'ಹಿಟ್ಟಿನ ಗಿರಣಿ' ಅಂತ ಓದುವುದರಲ್ಲಿ ಏನು ಸುಖವಿದೆ ಅಂತ ಈಗ ಕೇಳಿದರೆ ಹೇಳಲಾರೆ, ಆದರೆ ನಾನೂ ಓದಿದೆ, ಎರಡು ಸಲ ಓದಿದೆ. ಸಣ್ಣಪ್ಪನ ಹೋಟೆಲಿನಲ್ಲಿ ಗಿರಾಕಿಗಳು ಮುದ್ರಿಸಿದ ಪಟ್ಟಿ ಕೇಳತೊಡಗಿದರು. ಸಣ್ಣಪ್ಪ ಮುಖ ಗಂಟಿಕ್ಕಿಕೊಂಡು ಓಡಾಡಿದ. ಔಷಧಿ ಅಂಗಡಿಯವರು ದಾರ ಕಟ್ಟುವುದನ್ನು ಬಿಟ್ಟರು.

ನಮ್ಮ ಸಾಹೇಬರು ತಿಪ್ಪೇರುದ್ರಯ್ಯನವರು ಹನ್ನೆರಡನೆಯ ದಿನ ಎಲ್ಲರನ್ನೂ ಕರೆದರು. ಕೆಟ್ಟ ಮನುಷ್ಯರಲ್ಲ, ಆದರೆ ಕೆಲಸ ಬೇಗ ಮುಗಿಯುತ್ತದೆ ಅಂದರೆ ಅವರಿಗೆ ಬೇರೆ ಏನೂ ಕಾಣುತ್ತಿರಲಿಲ್ಲ. "ಇನ್ನು ಈ ಕಟ್ಟೋದು, ಕೇಳೋದು ಎಲ್ಲಾ ಯಾತಕ್ಕಮ್ಮ? ಕಾಗದ ಬಂತಾ, ಫೋಟೋ ತೆಗಿ, ಕಂಪ್ಯೂಟರಿಗೆ ಹಾಕು. ಎರಡು ಗಂಟೆ ಕೆಲಸ ಎರಡು ನಿಮಿಷಕ್ಕೆ ಆಗುತ್ತೆ," ಅಂದರು. ಹೊನ್ನೂರಮ್ಮನನ್ನು ಸೀಲು ಹೊಡೆಯುವ ಮೇಜಿಗೆ ಹಾಕಿದರು. ಹುದ್ದೆ ಸಿಗದಿದ್ದರೆ ಇನ್ನು ಸೀಲೇ ಗತಿ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇನ್ನು ನನ್ನ ತಪ್ಪು ಹೇಳಬೇಕು. ಪರೀಕ್ಷೆಯ ದಿನ ಬೆಳಿಗ್ಗೆ ಸಾಹೇಬರು ಮೊಹರು ಒಡೆದು, ಕೈಬರಹದ ಪ್ರಶ್ನೆಪತ್ರಿಕೆಯನ್ನು ನನ್ನ ಮುಂದಿಟ್ಟು, "ಫೋಟೋ ತೆಗೆದು ಮೂವತ್ತೊಂದೂ ಕಂಪ್ಯೂಟರಿಗೆ ಹಾಕಿಬಿಡಮ್ಮ," ಅಂದರು. ತೆಗೆದೆ, ಹಾಕಿದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಚಹಾ ಕುಡಿದೆ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವಳು ಇದನ್ನು ಹೇಗೆ ಓದುತ್ತಾಳೆ ಅಂತ ನನಗೆ ಹೊಳೆಯಲೇ ಇಲ್ಲ. ಬೇರೆ ಊರಿನವರಿಗೆ ಇದು ನಂಬುವ ಮಾತಲ್ಲ ಅನ್ನಿಸಬಹುದು. ಆದರೆ ನಮ್ಮ ಊರಲ್ಲಿ ಮಾತಾಡುವ ಕಡತ ಅಂದರೆ ಮಧ್ಯಾಹ್ನದ ವಿಷಯ, ಎಲ್ಲರ ವಿಷಯ. ಅದು ಒಬ್ಬಳಿಗೆ ಬೆಳಿಗ್ಗೆಯೂ ಸಂಜೆಯೂ ಬೇಕು ಅಂತ ಬೇರೆಯಾಗಿ ಯೋಚಿಸುವ ಅಭ್ಯಾಸ ನಮಗೆ ಯಾರಿಗೂ ಇರಲಿಲ್ಲ.

ಹನ್ನೆರಡಕ್ಕೆ ಸೈರನ್ ಕೂಗಿತು, ಅಕ್ಷರ ಹೋಗಲಿಲ್ಲ, ಪರೀಕ್ಷೆ ಶುರುವಾಯಿತು. ಐದು ನಿಮಿಷಕ್ಕೇ ಜವಾನ ಓಡಿ ಬಂದ. "ಮಂಗಳಕ್ಕ, ಸಾಹೇಬ್ರು ಕರೀತಾರೆ, ಹೊನ್ನೂರಮ್ಮಂದು ಏನೋ ಆಗೈತೆ."

ನಾನು ಹೋಗುವ ಹೊತ್ತಿಗೆ ಅವಳು ಕೈಯೆತ್ತಿಕೊಂಡು ಕೂತಿದ್ದಳು. ಉಳಿದ ಮೂವತ್ತು ಜನ ತಲೆ ಬಗ್ಗಿಸಿ ಟೈಪು ಮಾಡುತ್ತಿದ್ದರು. ಅವಳು ಕಿವಿಯ ವೈರನ್ನು ತೆಗೆದು ನನ್ನ ಕಡೆ ಚಾಚಿದಳು. ಕಿವಿಗಿಟ್ಟುಕೊಂಡೆ. "ಚಿತ್ರ," ಅಂದಿತು ಕಂಪ್ಯೂಟರು. ಅವಳು ಗುಂಡಿ ಒತ್ತಿದಳು. "ಚಿತ್ರ." ಇನ್ನೊಮ್ಮೆ ಒತ್ತಿದಳು. "ಚಿತ್ರ." ನಾಲ್ಕು ಪುಟ, ನಾಲ್ಕು ಚಿತ್ರ, ಪ್ರಶ್ನೆಪತ್ರಿಕೆ ಮುಗಿಯಿತು. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಸಾಹೇಬರು ಬೆವರು ಒರೆಸಿಕೊಂಡರು. "ನಾನೇ ಪಕ್ಕದಲ್ಲಿ ಕೂತು ಓದಿ ಹೇಳ್ತೀನಮ್ಮ, ಏನೀಗ?"

"ಬ್ಯಾಡ್ರಿ ಸರ್. ನಾಕನೇ ಪ್ರಶ್ನೆಯಾಗೆ ಯಾವಾಗ್ಲೂ ಕೋಷ್ಟಕ ಇರ್ತೈತೆ. ಅದನ್ನ ನಾನು ಹತ್ತು ಸಲ ಹಿಂದಕ್ಕೂ ಮುಂದಕ್ಕೂ ಹೋಗಿ ಕೇಳ್ಬೇಕು. ಹತ್ತು ಸಲ ನಿಮ್ಮನ್ನ ಕೇಳಿದ್ರೆ ನಿಮಗೆ ಸಿಟ್ಟು ಬರ್ತೈತೆ, ನಂಗೆ ಸಂಕೋಚ ಆಗ್ತೈತೆ. ಅವರಿಗೆಲ್ಲಾ ಪ್ರಶ್ನೆಪತ್ರಿಕೆ ಕೊಟ್ಟೀರಿ. ನಂಗೂ ಪ್ರಶ್ನೆಪತ್ರಿಕೆ ಕೊಡ್ರಿ."

ಪ್ರಶ್ನೆಪತ್ರಿಕೆ ಪರೀಕ್ಷೆಯ ಹಾಲಿನಿಂದ ಹೊರಗೆ ಹೋಗುವಂತಿಲ್ಲ, ಹೊರಗಿನಿಂದ ಪೆನ್‌ಡ್ರೈವ್ ಒಳಗೆ ಬರುವಂತಿಲ್ಲ. ಆದ್ದರಿಂದ ನಾನು ಅಲ್ಲೇ ಅವಳ ಕುರ್ಚಿಯಲ್ಲಿ ಕೂತು, ಅವಳ ಕಂಪ್ಯೂಟರಿನಲ್ಲೇ ಕಡತ ಕಟ್ಟತೊಡಗಿದೆ. ಅವಳು ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಕೈಕಟ್ಟಿ ಕೂತಳು. ಒಂಬತ್ತು ಪ್ರಶ್ನೆ, ಒಂಬತ್ತಕ್ಕೂ ತಲೆಬರಹ. ನಾಲ್ಕನೆಯ ಪ್ರಶ್ನೆಗೆ ಏಳು ಕಾಲಮ್ಮಿನ ಕೋಷ್ಟಕ. ಏಳನೆಯದಕ್ಕೆ ಒಂದು ನಕ್ಷೆ, ನನ್ನ ಪಾಡು ಕೇಳಬೇಡಿ. ಹಾಲಿನಲ್ಲಿ ಮೂವತ್ತು ಜನ ಟೈಪು ಮಾಡುವ ಸದ್ದು ಬರುತ್ತಿತ್ತು. ಅವಳ ಪಾಲಿಗೆ ಅದು ಒಬ್ಬೊಬ್ಬರೂ ಅವಳಿಗಿಂತ ಮುಂದೆ ಹೋಗುವ ಸದ್ದು. ನಾನು ಇನ್ನೂ ಬೇಗ ಬೇಗ ಟೈಪು ಮಾಡಿದೆ.

"ಅವಸರ ಮಾಡಿ ಕಾಲಂ ಗುರುತು ಬಿಡಬ್ಯಾಡ್ರಿ ಅಕ್ಕಾ," ಅಂದಳು ಮೆಲ್ಲಗೆ.

ನಾನು ಎದ್ದಾಗ ಐವತ್ತು ನಿಮಿಷ ಕಳೆದಿತ್ತು. ಹೊನ್ನೂರಮ್ಮ ತನ್ನ ಕುರ್ಚಿಗೆ ಬಂದು, ಸಾಹೇಬರಿಗೆ, "ಕೊನೆಯಾಗೆ ಆ ಐವತ್ತು ನಿಮಿಷ ನಂಗೆ ಕೊಡ್ತೀರಾ ಸರ್?" ಅಂತ ಕೇಳಿದಳು.

"ಹೆಂಗಮ್ಮ ಕೊಡೋದು? ಮೂರಕ್ಕೆ ಬೆಲ್ಲು. ನಿಯಮ ಅಂದ್ರೆ ನಿಯಮ."

ಅವಳು ಸರಿ ಅಂದು ವೈರನ್ನು ಕಿವಿಗಿಟ್ಟುಕೊಂಡಳು. ನಾನು ಹೊರಗೆ ಹೋಗುವ ಮನಸ್ಸಾಗದೆ ಗೋಡೆಗೊರಗಿ ನಿಂತೆ. ಅವಳು ಬರೆಯುವುದಕ್ಕೆ ಶುರು ಮಾಡಿ ಮೂರು ನಾಲ್ಕು ನಿಮಿಷ ಆಗಿರಬಹುದು. ಸೈರನ್ ಇಲ್ಲ, ಮುನ್ಸೂಚನೆ ಇಲ್ಲ, ಅಕ್ಷರಗಳು ಹೋದವು.

ಹಾಲಿನಲ್ಲಿ ಟೈಪಿನ ಸದ್ದು ನಿಂತಿತು. ಗೋಡೆಯ ಮೇಲಿದ್ದ 'ಮೌನವಾಗಿರಿ' ಅನ್ನುವ ಹಲಗೆ ಬರೀ ಹಲಗೆಯಾಯಿತು. ಯಾರೂ ಹೆದರಲಿಲ್ಲ, ಹುಟ್ಟಿನಿಂದ ಕಂಡದ್ದೇ. ಹಳೆಯ ಅಭ್ಯಾಸದಂತೆ ಎಲ್ಲರೂ ಓದಿಸುವ ಗುಂಡಿ ಒತ್ತಿದರು, ಕಿವಿಗೆ ವೈರು ಯಾರೂ ಹಾಕಿಕೊಂಡಿರಲಿಲ್ಲ. ಮೂವತ್ತು ಕಂಪ್ಯೂಟರುಗಳು ಒಂದರ ಹಿಂದೊಂದು ಹೇಳಿದವು, "ಚಿತ್ರ." ಮುಂದಿನ ಪುಟಕ್ಕೆ ಹೋದರು. "ಚಿತ್ರ." ಹಾಲಿನ ಆ ಮೂಲೆಯಿಂದ ಈ ಮೂಲೆಯವರೆಗೆ ಚಿತ್ರ, ಚಿತ್ರ, ಚಿತ್ರ. ಸಾಹೇಬರು ನನ್ನ ಕಡೆ ನೋಡಿದರು. ನಾನೇನು ಮಾಡಲಿ, ಫೋಟೋದೊಳಗಿನ ಅಕ್ಷರವೂ ಹೋಗಿತ್ತು, ಇನ್ನೊಂದು ಕಡತ ಕಟ್ಟೋಣವೆಂದರೆ ನೋಡಿ ಬರೆಯುವುದಕ್ಕೆ ಕಾಗದವೇ ಖಾಲಿ. ಇಡೀ ಹಾಲಿನಲ್ಲಿ ಮಾತಾಡುವ ಪ್ರಶ್ನೆಪತ್ರಿಕೆ ಒಂದೇ ಒಂದು. ಅದು ಹೊನ್ನೂರಮ್ಮನ ಕಿವಿಯಲ್ಲಿತ್ತು, ಅವಳು ಟಕಟಕನೆ ಬರೆಯುತ್ತಿದ್ದಳು.

ಸಾಹೇಬರು ಅವಳ ಹತ್ತಿರ ಹೋದರು. "ಹೊನ್ನೂರಮ್ಮ, ಆ ವೈರು ಕಿತ್ತುಬಿಡಮ್ಮ. ಎಲ್ಲರಿಗೂ ಕೇಳ್ಲಿ."

ಅವಳು ಬೆರಳು ನಿಲ್ಲಿಸಲಿಲ್ಲ. "ಪರೀಕ್ಷೆ ಬರೆಯೋಕೆ ಶುರು ಮಾಡಿದ್ಮ್ಯಾಲೆ ಅಭ್ಯರ್ಥಿಯ ಕಂಪ್ಯೂಟರ್ ಯಾರೂ ಮುಟ್ಟಂಗಿಲ್ಲ ಸರ್. ನಿಯಮ ಅಂದ್ರೆ ನಿಯಮ."

ತೆರಿಗೆ ವಿಭಾಗದ ಕೊಟ್ರೇಶ ಎದ್ದು ನಿಂತ. ಬುದ್ಧಿವಂತ, ಎಲ್ಲರೂ ಅವನಿಗೇ ಹುದ್ದೆ ಅಂತ ಮಾತಾಡಿಕೊಳ್ಳುತ್ತಿದ್ದರು. "ಇದು ಅನ್ಯಾಯ ಅಕ್ಕಾ!" ಅಂತ ಕೂಗಿದ.

"ಹೌದು ಕೊಟ್ರೇಶ," ಅಂದಳು ಹೊನ್ನೂರಮ್ಮ. "ಎಷ್ಟು ಅನ್ಯಾಯ ಅಂತಾನೂ ನಂಗೆ ಗೊತ್ತು. ಐವತ್ತು ನಿಮಿಷದಷ್ಟು. ನೀವೆಲ್ಲಾ ಬರೆಯೋದು ಕೇಳ್ತಾ ನಾನು ಐವತ್ತು ನಿಮಿಷ ಕುಂತಿದ್ದೆ. ಒಬ್ಬರಾದ್ರೂ ತಿರುಗಿ ನೋಡಿದ್ರಾ? ಈಗ ನಾನು ಬರೀತೀನಿ, ನೀವು ಕುಂತ್ಕೊಳ್ರಿ. ಐವತ್ತು ನಿಮಿಷ ಆದ್ಮ್ಯಾಲೆ ಕೊಡ್ತೀನಿ."

ಕೊಟ್ರೇಶ ಕೂತ. ಬೇರೆ ಏನು ಮಾಡುತ್ತಾನೆ?

ಆ ಐವತ್ತು ನಿಮಿಷ ನಾನು ಕಣ್ಣಾರೆ ಕಂಡೆ. ಒಬ್ಬರು ಓದಿದ್ದನ್ನು ನೆನಪು ಮಾಡಿಕೊಂಡು ಎರಡು ಸಾಲು ಟೈಪು ಮಾಡಿದರು, ಯಾವ ಪ್ರಶ್ನೆಗೆ ಬರೆಯುತ್ತಿದ್ದೇವೆ ಅಂತ ಖಾತ್ರಿಯಾಗದೆ ನಿಲ್ಲಿಸಿದರು. ಒಬ್ಬಳು ಬಳೆ ತಿರುಗಿಸುತ್ತಾ ಕೂತಳು. ಇಬ್ಬರು ಪದೇಪದೇ ಗುಂಡಿ ಒತ್ತಿ 'ಚಿತ್ರ' ಅನ್ನಿಸುತ್ತಲೇ ಇದ್ದರು, ಹತ್ತನೆಯ ಸಲಕ್ಕಾದರೂ ಬೇರೆ ಮಾತು ಬಂದೀತೆಂದು. ಎಲ್ಲರ ಕಿವಿಯೂ ಅವಳ ಕೀಬೋರ್ಡಿನ ಕಡೆಗಿತ್ತು. ನನಗೆ ಒಂದೇ ಕುತೂಹಲ, ಇವಳು ಆಡಿದಂತೆ ನಡೆಯುತ್ತಾಳಾ? ಮೂರರವರೆಗೂ ವೈರು ಕೀಳದಿದ್ದರೆ ಕೇಳುವವರು ಯಾರು? ಹುದ್ದೆ ಕಣ್ಣು ಮುಚ್ಚಿ ಅವಳದೇ. ನಿಜ ಹೇಳುತ್ತೇನೆ, ಕೀಳದಿರಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ನಡುವೆ ಎರಡು ಸಲ ಅವಳು ಕೈಗಡಿಯಾರದ ಗುಂಡಿ ಒತ್ತಿದಳು, ಅದು ಗಂಟೆ ಹೇಳಿತು. ಮೂರನೆಯ ಸಲ ಒತ್ತಿದಾಗ ಒಂದೂ ನಲವತ್ತೈದು ಅಂದಿತು. ಹೊನ್ನೂರಮ್ಮ ಬರೆಯುತ್ತಿದ್ದ ವಾಕ್ಯವನ್ನು ಮುಗಿಸಿ ವೈರು ಕಿತ್ತಳು.

ದನಿಯೇನೋ ಹೊರಬಿತ್ತು, ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಅವಳು ಕೇಳುವ ವೇಗ ಅದು, ನಮಗೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. "ನಿಧಾನ, ನಿಧಾನ!" ಅಂತ ಹತ್ತು ಜನ ಕೂಗಿದರು. ಅವಳು ನಗುತ್ತಾ ವೇಗ ಇಳಿಸಿದಳು, ಇನ್ನೂ ಇಳಿಸಿದಳು, ಕೊನೆಗೆ ಅವಳಿಗೇ ಆಕಳಿಕೆ ಬರುವಷ್ಟು ಇಳಿಸಿದಳು. "ಪ್ರಶ್ನೆ ಒಂದು," ಅಂದಿತು ಕಂಪ್ಯೂಟರು. ಮೂವತ್ತು ಕುರ್ಚಿಗಳು ಅವಳ ಕಡೆ ತಿರುಗಿದವು. ಒಬ್ಬರಿಗೆ ಎರಡನೆಯದು ಬೇಕು, ಇನ್ನೊಬ್ಬರಿಗೆ ಎಂಟನೆಯದು. ಕೊಟ್ರೇಶ ತಲೆ ಕೆರೆದುಕೊಂಡು, "ಅಕ್ಕಾ, ನಾಕನೇದರ ಕೋಷ್ಟಕ ಇನ್ನೊಂದ್ಸಲ," ಅಂದ. ತಲೆಬರಹ ಇದ್ದದ್ದರಿಂದ ಅವಳು ಒಂದೇ ಏಟಿಗೆ ಅಲ್ಲಿಗೆ ಹಾರಿದಳು. ಮೂರು ಗಂಟೆಯವರೆಗೂ ಕೇಳಿದವರಿಗೆ ಕೇಳಿದ್ದನ್ನು ಓದಿಸುತ್ತಾ, ನಡುವೆ ಸಂದು ಸಿಕ್ಕಾಗ ತನ್ನದನ್ನು ಬರೆಯುತ್ತಾ ಕೂತಳು. ಬೆಲ್ಲು ಹೊಡೆದಾಗ ಅವಳ ಒಂಬತ್ತನೆಯ ಉತ್ತರ ಅರ್ಧಕ್ಕೆ ನಿಂತಿತ್ತು.

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಕೂಗಿತು, ಅಕ್ಷರ ಹೋದವು, ಮೂರಕ್ಕೆ ಬಂದವು. ಊರು ಯಥಾಪ್ರಕಾರ. ಸಣ್ಣಪ್ಪನ ದನಿ ಬೀದಿಯ ಕೊನೆಯವರೆಗೂ ಕೇಳಿಸಿತು. ಊಟದ ಹೊತ್ತಿಗೆ ಹೊನ್ನೂರಮ್ಮ ಸೀಲಿನ ಮೇಜಿನಿಂದ ಎದ್ದು ಬಂದು ನನ್ನೆದುರು ಕೂತಳು. ಡಬ್ಬಿ ಬಿಚ್ಚಲಿಲ್ಲ.

"ಅಕ್ಕಾ, ನಿನ್ನೆ ಬೆಳಿಗ್ಗೆ ನಾನು ಅಂತ ಒಬ್ಬಳು ಇದೀನಿ ಅನ್ನೋದು ಯಾಕೆ ನೆನಪಾಗ್ಲಿಲ್ಲ ನಿಮಗೆ?"

ನಾನು ರಾತ್ರಿಯೆಲ್ಲಾ ಹುಡುಕಿ ಇಟ್ಟುಕೊಂಡಿದ್ದ ಕ್ಷಮೆಯ ಮಾತುಗಳನ್ನೆಲ್ಲಾ ಬಿಟ್ಟೆ. "ನೀನು ನೆನಪಿದ್ದೆ ಕಣೆ. ನಿನಗೆ ಕಾಣಲ್ಲ ಅನ್ನೋದು ಮರೆತುಹೋಗಿತ್ತು," ಅಂದೆ.

"ಅದಕ್ಕೆ ಖುಷಿ ಪಡ್ಲಾ ಬೈಲಾ ತಿಳೀತಿಲ್ಲ," ಅಂದಳು. ಆಮೇಲೆ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕಡೆ ಸರಿಸಿದಳು. ತಿಂದೆ.

ಉತ್ತರಗಳು ಮೇಲಿನ ಕಚೇರಿಗೆ ಹೋದವು. ಅದು ಇರುವುದು ಬೇರೆ ಊರಲ್ಲಿ, ಅಲ್ಲಿ ಅಕ್ಷರ ಹೋಗುವುದಿಲ್ಲ. ಒಂದು ತಿಂಗಳಿಗೆ ಫಲಿತಾಂಶ ಬಂತು. ಹೊನ್ನೂರಮ್ಮ ಮೊದಲು, ಕೊಟ್ರೇಶ ಎರಡನೆಯವನು. ಸಾಹೇಬರೇ ಪೇಡೆ ತರಿಸಿದರು, ಕೊಟ್ರೇಶ ಪೇಡೆ ತಿನ್ನುತ್ತಾ, "ನೀವು ಕೋಷ್ಟಕ ಓದಿಸ್ದೇ ಇದ್ದಿದ್ರೆ ನಾನು ಹತ್ತನೆಯವನಾಗಿರ್ತಿದ್ದೆ ಅಕ್ಕಾ," ಅಂದ. ಅದೇ ದಿನ ನೇಮಕದ ಆದೇಶವೂ ಅವಳ ಕಂಪ್ಯೂಟರಿಗೆ ಬಂತು. ಕಚೇರಿಯವರೆಲ್ಲಾ ಸುತ್ತ ನಿಂತೆವು. ಅವಳು ಗುಂಡಿ ಒತ್ತಿದಳು.

"ಚಿತ್ರ."

ಸಮಯ ಬೆಳಿಗ್ಗೆ ಹತ್ತೂವರೆ, ಪರದೆಯ ಮೇಲೆ ಅಕ್ಷರ ನಮಗೆ ಕಾಣುತ್ತಿತ್ತು. ನಾನು ಅವಸರವಾಗಿ ಓದಿದೆ, ಹೊನ್ನೂರಮ್ಮ ಎಂಬುವರನ್ನು ದಾಖಲೆ ಕೋಣೆಯ ಮುಖ್ಯಸ್ಥೆಯನ್ನಾಗಿ ನೇಮಿಸಿದೆ, ಹದಿನೈದು ದಿನದೊಳಗೆ ಹಾಜರಾಗದಿದ್ದರೆ ಆದೇಶ ರದ್ದು. "ಸಹಿ ಹಾಕು, ಈಗ್ಲೇ ಸೇರ್ಕೋ," ಅಂದೆ.

"ಮಧ್ಯಾಹ್ನ ಅಷ್ಟೇ ಅಲ್ಲ, ಬೆಳಿಗ್ಗೆ ಹತ್ತೂವರೆಗೂ ನಂಗೆ ಓದೋಕೆ ಬರ್ಬೇಕು ಅಕ್ಕಾ," ಅಂದು ವಾಪಸ್ ಕಳಿಸಿದಳು.

ಸಾಹೇಬರು ತಲೆ ಮೇಲೆ ಕೈ ಹೊತ್ತರು. ಆರು ದಿನಕ್ಕೆ ಮತ್ತೆ ಬಂತು. ಈ ಸಲ ಮಾತಾಡುತ್ತಿತ್ತು, ಆದರೆ ಸಂಬಳ ರಜೆಯ ಕೋಷ್ಟಕದಲ್ಲಿ ಯಾವ ಕಾಲಂ ಯಾವುದು ಅಂತ ಇರಲಿಲ್ಲ. ಅದನ್ನೂ ವಾಪಸ್ ಕಳಿಸಿದಳು. ಹನ್ನೆರಡನೆಯ ದಿನ ಬಂತು, ಹದಿಮೂರನೆಯ ದಿನ ಬಂತು, ಆದೇಶ ಬರಲಿಲ್ಲ. ನಾನು ಬೈದೆ. ಅತ್ತೂ ಬೈದೆ. ಒಂದು ಕೋಷ್ಟಕಕ್ಕೆ ಇಡೀ ಬಾಳನ್ನು ಪಣಕ್ಕಿಡುತ್ತೀಯಾ ಅಂತ ಕೇಳಿದೆ. ಅವಳು ಸೀಲು ಹೊಡೆಯುತ್ತಲೇ ಇದ್ದಳು, ಆದರೆ ಸೀಲು ಸೊಟ್ಟ ಬೀಳುತ್ತಿತ್ತು.

ಹದಿನಾಲ್ಕನೆಯ ದಿನ ಸಂಜೆ ನಾಲ್ಕಕ್ಕೆ ಕಡತ ಬಂತು. ಅವಳು ವೈರು ಹಾಕಿಕೊಳ್ಳಲಿಲ್ಲ, ನಮಗೂ ಕೇಳಲಿ ಅಂತ ವೇಗವನ್ನೂ ಇಳಿಸಿದಳು. ತಲೆಬರಹ ಇತ್ತು. ಕೋಷ್ಟಕದಲ್ಲಿ ಕಾಲಮ್ಮಿನ ಹೆಸರುಗಳಿದ್ದವು. ಕೊನೆಯಲ್ಲಿ ಸಹಿಯ ಚಿತ್ರಕ್ಕೂ ಯಾರೋ ವಿವರ ಬರೆದಿದ್ದರು, ಮೇಲಧಿಕಾರಿಗಳ ಸಹಿ, ನೀಲಿ ಶಾಯಿ. ಅವಳು ಒಂದು ಪದವನ್ನೂ ಬಿಡದೆ ಕೇಳಿ ಮುಗಿಸಿ, ಪಾಸು ಅಂದಳು.

ಆಮೇಲೆ ಬೆರಳನ್ನು ಗುಂಡಿಯ ಮೇಲಿಟ್ಟು ನನ್ನ ಕಡೆ ಮುಖ ತಿರುಗಿಸಿದಳು.

"ಅಕ್ಕಾ, ನನ್ನ ಹೆಸರಿರೋ ಸಾಲು ಇನ್ನೊಂದ್ಸಲ ಓದಿಸ್ಲಾ? ನಿಮಗೆ ಮನೆಗೆ ಹೋಗೋಕೆ ಹೊತ್ತಾಗಲ್ಲ ತಾನೇ?"

ಹೊತ್ತಾಗಲ್ಲ ಅಂದೆ. ಅವಳು ಅದನ್ನು ನಾಲ್ಕು ಸಲ ಓದಿಸಿದಳು, ನಾಲ್ಕು ಸಲವೂ ನಾವೆಲ್ಲರೂ ನಿಂತು ಕೇಳಿದೆವು.